ಒಂದು ಸ್ಟೂಲಿನ ಚರಿತ್ರೆ



ಸಂಕ್ರಾಂತಿಗೆ ಎರಡು ದಿನ ಮೊದಲು, ನನ್ನ ಶ್ರೀಮತಿ ಬರೆದುಕೊಟ್ಟ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ತುಮಕೂರಿನ ಒಂದು ದೊಡ್ಡ ಸರಣಿ ಮಳಿಗೆಗೆ ಹೋಗಿದ್ದೆ. ಊರೂರಲ್ಲೂ ಒಂದೇ ಬಣ್ಣದ ಫಲಕ, ಒಂದೇ ಬಣ್ಣದ ಅಂಗಿ ತೊಟ್ಟ ನೌಕರರು, ಒಂದೇ ಹಾಡು ಇರುವ ಮಳಿಗೆಗಳಲ್ಲಿ ಅದೂ ಒಂದು, ಹೆಸರು ಬೇಕಿಲ್ಲ. ತಿಪಟೂರು ಸೀಮೆಯಲ್ಲಿ ಹುಟ್ಟಿ ಬೆಳೆದವನು ಎಳ್ಳಿಗೆ ಬೆರೆಸುವ ಕೊಬ್ಬರಿಯನ್ನು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಕೊಳ್ಳುವ ಕಾಲ ಬಂತಲ್ಲ ಎಂದು ಮನಸ್ಸಿನಲ್ಲೇ ನಾಚುತ್ತ ನಿಂತಿದ್ದಾಗ, ಹಿಂದಿನಿಂದ "ಸಾರ್, ಗುರ್ತು ಸಿಕ್ತಾ?" ಎಂಬ ದನಿ ಕೇಳಿಸಿತು.

ಗುರುತು ಸಿಕ್ಕಲಿಲ್ಲ. ಆಕೆಯೇ ಹೇಳಿದ ಮೇಲೆ ನೆನಪಾಯಿತು. ಇಪ್ಪತ್ತು ವರ್ಷಗಳಿಗೂ ಹಿಂದೆ ನನ್ನ ಬಳಿ ಸಮಾಜ ವಿಜ್ಞಾನ ಕಲಿತ ಹುಡುಗಿ. ಕಿಟಕಿಯ ಪಕ್ಕದ ಮೂರನೆಯ ಬೆಂಚು. ಈಗ ಇಬ್ಬರು ಮಕ್ಕಳ ತಾಯಿ. ಅವಳು ಎಲ್ಲಿಂದಲೋ ಒಂದು ಪ್ಲಾಸ್ಟಿಕ್ ಸ್ಟೂಲು ತಂದು, "ಕೂತ್ಕಳಿ ಸಾರ್, ಚೀಟಿ ಕೊಡಿ, ನಾನೇ ತಂದ್ಕೊಡ್ತೀನಿ" ಎಂದಳು. ಮಂಡಿನೋವಿನವನಾದ ನಾನು ಸಂಕೋಚವಿಲ್ಲದೆ ಕುಳಿತೆ. ಹತ್ತು ನಿಮಿಷದಲ್ಲಿ ಬುಟ್ಟಿ ತುಂಬಿಸಿ ತಂದಳು. ನಾನು ಎದ್ದು, "ನೀನೂ ಒಂದು ಗಳಿಗೆ ಕೂತ್ಕೊಳಮ್ಮ, ಮಾತಾಡೋಣ" ಎಂದೆ. ಅವಳು ತಲೆಯೆತ್ತಿ ಚಾವಣಿಯ ಮೂಲೆಯಲ್ಲಿದ್ದ ಕ್ಯಾಮೆರಾವನ್ನು ನೋಡಿ, "ಬ್ಯಾಡ ಸಾರ್, ನಾವು ಕೂರಂಗಿಲ್ಲ. ಬೆಳಿಗ್ಗೆ ಬಂದಾಗ ನಿಂತ್ರೆ ಊಟದ ಹೊತ್ತಿಗೇ ಕೂರೋದು" ಎಂದಳು. ಆಮೇಲೆ ನಗುತ್ತ ಇನ್ನೊಂದು ಮಾತು ಸೇರಿಸಿದಳು: "ನೀವು ಹೋಮ್‌ವರ್ಕ್ ಮಾಡ್ದಿದ್ರೆ ಬೆಂಚ್ ಮೇಲೆ ನಿಲ್ಲಿಸ್ತಿದ್ರಲ್ಲ ಸಾರ್, ಅವಾಗ ಬೆಲ್ಲಾದ್ರೂ ಹೊಡೀತಿತ್ತು."

ಅವಳು ತಮಾಷೆಗೆ ಆಡಿದ ಮಾತು. ನನಗೆ ಮಾತ್ರ ಎಳ್ಳು-ಬೆಲ್ಲ ಬಾಯಿಗೆ ಹಾಕಿಕೊಳ್ಳುವಾಗಲೂ ಅದೇ ಕಿವಿಯಲ್ಲಿತ್ತು. ಮೂವತ್ತಮೂರು ವರ್ಷ ಪಾಠ ಹೇಳಿದೆ. ನಿಲ್ಲಿಸುವುದನ್ನು ಶಿಕ್ಷೆಯೆಂದು ತಿಳಿದೇ ಎಷ್ಟೋ ಮಕ್ಕಳನ್ನು ನಿಲ್ಲಿಸಿದೆ. ಒಂಬತ್ತನೆಯ ತರಗತಿಗೆ ಕೈಗಾರಿಕಾ ಕ್ರಾಂತಿಯ ಪಾಠ ಮಾಡುವಾಗ ಮ್ಯಾಂಚೆಸ್ಟರಿನ ಗಿರಣಿಗಳು, ಗಣಿಯೊಳಗೆ ತೆವಳುವ ಮಕ್ಕಳು, 1847ರ ಹತ್ತು ಗಂಟೆಗಳ ಕಾಯಿದೆ ಎಲ್ಲವನ್ನೂ ಕರಿಹಲಗೆಯ ತುಂಬ ಬರೆಯುತ್ತಿದ್ದೆ. ಗಿರಣಿಯಲ್ಲಿ ನೇಯ್ದ ಬಟ್ಟೆಯನ್ನು ಅಳೆದು ಮಾರುವವರು ಯಾರು, ಅವರು ಎಷ್ಟು ಹೊತ್ತು ದುಡಿದರು ಎಂದು ಒಂದು ದಿನವೂ ಹೇಳಲಿಲ್ಲ. ಪಠ್ಯಪುಸ್ತಕದಲ್ಲಿ ಇರಲಿಲ್ಲ ಎಂಬುದು ನೆಪ. ಆ ಬಿಟ್ಟುಹೋದ ಪಾಠವನ್ನು ಈಗ ತಡವಾಗಿ ಮಾಡುತ್ತಿದ್ದೇನೆ, ಹಾಜರಿ ಕರೆಯುವುದಿಲ್ಲ.

ದೊಡ್ಡ ಅಂಗಡಿಯ ಕಥೆಯನ್ನು ಸಾಮಾನ್ಯವಾಗಿ ಪ್ಯಾರಿಸಿನಿಂದ ಆರಂಭಿಸುತ್ತಾರೆ. ಅರಿಸ್ಟೀಡ್ ಬೂಸಿಕೋ ಎಂಬಾತ 1852ರಲ್ಲಿ ಬಾನ್ ಮಾರ್ಷೆ ಎಂಬ ಅಂಗಡಿಗೆ ಪಾಲುದಾರನಾಗಿ ಸೇರಿ, ಅದನ್ನು ಅರಮನೆಯಂತೆ ಬೆಳೆಸಿದ. ಚೌಕಾಸಿ ಇಲ್ಲ, ಪ್ರತಿ ವಸ್ತುವಿಗೂ ನಿಗದಿಯಾದ ಬೆಲೆ, ಕೊಳ್ಳದಿದ್ದರೂ ಒಳಗೆ ಬಂದು ನೋಡಬಹುದು. ಇಂದು ನಮಗೆ ಸಹಜವಾಗಿ ಕಾಣುವ ಈ ಪದ್ಧತಿಗಳು ಆಗ ಹೊಸತು. ಅಲ್ಲಿನ ಅವಿವಾಹಿತ ಮಾರಾಟಗಾರ್ತಿಯರಲ್ಲಿ ಅನೇಕರು ಅಂಗಡಿಯ ಮೇಲಿನ ಅಂತಸ್ತಿನ ಕೋಣೆಗಳಲ್ಲಿಯೇ ವಾಸಿಸುತ್ತಿದ್ದರು. ಎಮಿಲ್ ಜೋಲಾ 1883ರಲ್ಲಿ ಇಂಥದೇ ಒಂದು ಮಳಿಗೆಯ ಹುಡುಗಿಯನ್ನು ನಾಯಕಿಯಾಗಿಸಿ ಕಾದಂಬರಿ ಬರೆದ. ಆದರೆ ಅಂಗಡಿಯಲ್ಲಿಯೇ ಉಂಡು, ಅಂಗಡಿಯಲ್ಲಿಯೇ ಮಲಗಿ, ಅಂಗಡಿಯಲ್ಲಿಯೇ ಮುದುಕರಾಗುವ ಪದ್ಧತಿ ಬಹು ವ್ಯಾಪಕವಾಗಿ ಬೇರೂರಿದ್ದು ಇಂಗ್ಲೆಂಡಿನಲ್ಲಿ.

ಆ ಪದ್ಧತಿಯ ಲೆಕ್ಕಾಚಾರ ಸರಳ. ಮಾಲೀಕ ಊಟ-ವಸತಿ ಕೊಡುತ್ತಾನೆ. ಅದರ ಬೆಲೆಯನ್ನು ಸಂಬಳದಲ್ಲಿ ಹಿಡಿದುಕೊಳ್ಳುತ್ತಾನೆ. ಕೈಗೆ ಬರುವುದು ಅಲ್ಪ. ರಾತ್ರಿ ಬಾಗಿಲು ಹಾಕುವ ವೇಳೆ ಗೊತ್ತುಪಡಿಸಿರುತ್ತದೆ. ತಡವಾಗಿ ಬಂದವರು ಬೀದಿಯಲ್ಲಿ. ಗೋಡೆಯ ಮೇಲೆ ನಿಯಮಗಳ ಪಟ್ಟಿ, ಪ್ರತಿ ತಪ್ಪಿಗೂ ದಂಡ. ಗಿರಾಕಿ ಏನೂ ಕೊಳ್ಳದೆ ಹೋದರೆ ಅದೂ ನೌಕರನದೇ ತಪ್ಪು. ಮದುವೆಯಾದವನಿಗೆ ಇಲ್ಲಿ ಜಾಗವಿಲ್ಲ. ಇನ್ನೊಂದು ಸೂಕ್ಷ್ಮವನ್ನು ಚರಿತ್ರೆಯ ವಿದ್ಯಾರ್ಥಿಗಳು ಗಮನಿಸಬೇಕು. ಅಂದಿನ ಇಂಗ್ಲೆಂಡಿನಲ್ಲಿ ಮತದಾನದ ಹಕ್ಕು ಮನೆಯ ಮೇಲೆ ನಿಂತಿತ್ತು. ಸ್ವಂತ ಅಥವಾ ಬಾಡಿಗೆಯ ಮನೆಯಿಲ್ಲದೆ ಮಾಲೀಕನ ಸೂರಿನಡಿ ಮಲಗುವ ಗಂಡಸು ನಲವತ್ತು ವರ್ಷದವನಾದರೂ ಮತದಾರನಾಗುವುದು ದುಸ್ತರವಾಗಿತ್ತು. ಕರಿಕೋಟು, ಬಿಳಿಕಾಲರು ತೊಟ್ಟು ಗಣಿಕಾರ್ಮಿಕನಿಗಿಂತ ತಾನು ಮೇಲು ಎಂದುಕೊಂಡಿದ್ದವನ ಸ್ಥಿತಿ ಇದು.

ಕಾಯಿದೆ ಏನು ಹೇಳುತ್ತಿತ್ತು? ಜವಳಿ ಗಿರಣಿಯ ಹೆಂಗಸರಿಗೂ ಎಳೆಯರಿಗೂ ದಿನಕ್ಕೆ ಹತ್ತು ಗಂಟೆಯ ಮಿತಿ 1847ರಲ್ಲಿಯೇ ಬಂದಿತ್ತು. ಅಂಗಡಿಗಳಿಗೆ ಮೊದಲ ಕಾಯಿದೆ ಬಂದದ್ದು 1886ರಲ್ಲಿ; ಅದೂ ಹದಿನೆಂಟು ತುಂಬದವರಿಗೆ ಮಾತ್ರ. ಅದು ಹಾಕಿದ ಮಿತಿ ಎಷ್ಟೆಂದು ಊಹಿಸಿ. ವಾರಕ್ಕೆ 74 ಗಂಟೆ! ಭಾನುವಾರ ಬಿಟ್ಟರೆ ದಿನಕ್ಕೆ ಹನ್ನೆರಡು ಗಂಟೆಗೂ ಹೆಚ್ಚು. ಇದನ್ನು ಸುಧಾರಣೆ ಎಂದು ಕರೆದರು. ಆಗಿನ ಮಟ್ಟಿಗೆ ಸುಧಾರಣೆಯೇ ಇರಬೇಕು.

ಈ ಪದ್ಧತಿಯೊಳಗೆ ಬಾಲ್ಯ ಕಳೆದ ಇಬ್ಬರ ಕಥೆಯನ್ನು ಒಟ್ಟಿಗೆ ಇಟ್ಟು ನೋಡುವುದು ನನಗೆ ಇಷ್ಟ, ಏಕೆಂದರೆ ಇಬ್ಬರ ಬದುಕಿನಲ್ಲಿಯೂ ನಮ್ಮ ಮೇಷ್ಟರ ವೃತ್ತಿ ಬಂದುಹೋಗುತ್ತದೆ. ಒಬ್ಬ ಎಚ್. ಜಿ. ವೆಲ್ಸ್, ಕಾಲಯಂತ್ರದ ಕಥೆ ಬರೆದ ಅದೇ ವೆಲ್ಸ್. ದೊಡ್ಡಮನೆಯೊಂದರ ಮೇಲ್ವಿಚಾರಕಿಯಾಗಿದ್ದ ತಾಯಿ ಅವನನ್ನು 1881ರಲ್ಲಿ ಸೌತ್‌ಸೀ ಎಂಬ ಊರಿನ ಜವಳಿ ಮಳಿಗೆಗೆ ಸೇರಿಸಿದಳು. ಬೆಳಗಿನಿಂದ ರಾತ್ರಿಯವರೆಗೆ ಹದಿಮೂರು ಗಂಟೆ ದುಡಿತ, ರಾತ್ರಿ ಇತರ ಹುಡುಗರೊಡನೆ ಸಾಲುಹಾಸಿಗೆ. ಎರಡು ವರ್ಷ ತಡೆದು, ಒಂದು ಭಾನುವಾರ ಮೈಲಿಗಟ್ಟಲೆ ನಡೆದು ತಾಯಿಯ ಬಳಿಗೆ ಹೋಗಿ, ತಾನಿನ್ನು ಅಲ್ಲಿಗೆ ಹಿಂದಿರುಗಲಾರೆ ಎಂದು ಹಟ ಹಿಡಿದ. 1883ರಲ್ಲಿ ಮಿಡ್‌ಹರ್ಸ್ಟ್ ಎಂಬಲ್ಲಿ ಒಂದು ಶಾಲೆಯ ಕಿರಿಯ ಉಪಾಧ್ಯಾಯನಾಗಿ ಪಾರಾದ. ಮುಂದೆ ದೊಡ್ಡ ಲೇಖಕನಾದ ಮೇಲೂ ಆ ಅಂಗಡಿ ಅವನನ್ನು ಬಿಡಲಿಲ್ಲ. 1905ರ 'ಕಿಪ್ಸ್', 1910ರ 'ಮಿಸ್ಟರ್ ಪಾಲಿ' ಎರಡರಲ್ಲೂ ನಾಯಕರು ಜವಳಿ ಅಂಗಡಿಯ ಹುಡುಗರೇ.

ಇನ್ನೊಬ್ಬಳು ಮಾರ್ಗರೆಟ್ ಬಾಂಡ್‌ಫೀಲ್ಡ್. ಈ ಹೆಸರನ್ನು ನಾನು ತರಗತಿಯಲ್ಲಿ ಎಂದೂ ಹೇಳದಿದ್ದುದಕ್ಕೆ ಕ್ಷಮೆಯಿರಲಿ. 1873ರಲ್ಲಿ ಸಾಮರ್‌ಸೆಟ್ ಸೀಮೆಯ ಚಾರ್ಡ್ ಎಂಬ ಊರಿನಲ್ಲಿ ಲೇಸ್ ಕೆಲಸಗಾರನ ದೊಡ್ಡ ಸಂಸಾರದಲ್ಲಿ ಹುಟ್ಟಿದವಳು. ಹದಿಮೂರರ ವಯಸ್ಸಿನಲ್ಲಿ ಊರ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ವೆಲ್ಸ್ ಅಂಗಡಿಯಿಂದ ಶಾಲೆಗೆ ಓಡಿದರೆ, ಈಕೆ ಶಾಲೆಯಿಂದ ಅಂಗಡಿಗೆ ನಡೆದಳು. 1887ರಲ್ಲಿ ಬ್ರೈಟನ್ ಕಡೆಯ ಜವಳಿ ಅಂಗಡಿಯಲ್ಲಿ ಕೆಲಸ ಕಲಿಯುವವಳಾಗಿ ಸೇರಿ, 1894ರಲ್ಲಿ ಲಂಡನ್ನಿಗೆ ಬಂದಳು.

ಅವಳ ಬದುಕು ತಿರುಗಿದ್ದು ಒಂದು ಪೊಟ್ಟಣದ ಕಾಗದದಿಂದ. ಅಂಗಡಿಯ ಊಟ ಸಾಲದೆ ಹೊರಗೆ ಒಂದು ಪೆನ್ನಿ ಕೊಟ್ಟು ಕರಿದ ಮೀನು-ಆಲೂಗಡ್ಡೆ ಕೊಂಡು ತಿನ್ನುತ್ತಿದ್ದಾಗ, ಸುತ್ತಿಕೊಟ್ಟಿದ್ದ ಹಳೆಯ ಪತ್ರಿಕೆಯಲ್ಲಿ ಅಂಗಡಿ ನೌಕರರ ಸಂಘದ ಕಾರ್ಯದರ್ಶಿ ಬರೆದ ಪತ್ರ ಕಣ್ಣಿಗೆ ಬಿತ್ತು. ಸಂಘ ಸೇರಿದಳು. ಸಂಘದ ಪತ್ರಿಕೆಗೆ 'ಗ್ರೇಸ್ ಡೇರ್' ಎಂಬ ಸುಳ್ಳು ಹೆಸರಿನಲ್ಲಿ ಬರೆಯತೊಡಗಿದಳು. ಎಲ್ಲಿ ಬರೆಯುವುದು? ಸಾಲುಮಂಚದ ಕೋಣೆಯಲ್ಲಿ, ಜೊತೆಯವರು ಮಲಗಿದ ಮೇಲೆ, ಮೇಣದ ಬತ್ತಿಯ ಬೆಳಕು ಹೊರಗೆ ಕಾಣದಂತೆ ಮರೆಮಾಡಿ. 1896ರಿಂದ ಎರಡು ವರ್ಷ ಮಹಿಳಾ ಕೈಗಾರಿಕಾ ಮಂಡಳಿಯ ಪರವಾಗಿ ಒಂದರ ಮೇಲೊಂದು ಅಂಗಡಿಯಲ್ಲಿ ಕೆಲಸಕ್ಕೆ ಸೇರಿ, ಒಳಗಿನ ಸ್ಥಿತಿಗತಿಗಳನ್ನು ಗುಟ್ಟಾಗಿ ದಾಖಲಿಸಿದಳು. ಇದು ಪತ್ತೇದಾರಿ ಕಾದಂಬರಿಯಲ್ಲ, ನಡೆದ ಸಂಗತಿ. ಅದೇ ಬಾಂಡ್‌ಫೀಲ್ಡ್ 1929ರಲ್ಲಿ ಕಾರ್ಮಿಕ ಸಚಿವೆಯಾಗಿ ಬ್ರಿಟಿಷ್ ಸಂಪುಟದ ಮೊದಲ ಮಹಿಳೆಯಾದಳು. ಸಚಿವೆಯಾದ ಮೇಲೆ ಅವಳ ಕಾಲದಲ್ಲಿ ಬಂದ ನಿರುದ್ಯೋಗ ವಿಮೆಯ ತಿದ್ದುಪಡಿಯಿಂದ ಮದುವೆಯಾದ ಹೆಂಗಸರಿಗೇ ಹೆಚ್ಚು ನಷ್ಟವಾಯಿತೆಂಬ ಆಕ್ಷೇಪಣೆಯಿದೆ. ಅದು ಸರಿಯೆಂದೇ ನನಗೆ ತೋರುತ್ತದೆ. ಕುರ್ಚಿ ಸಿಕ್ಕವರಿಗೆ ನಿಂತವರ ಕಾಲು ಮರೆಯುವುದು ಹೊಸತೇನಲ್ಲ.

ಕುರ್ಚಿಯ ಮಾತು ಬಂತು. ಹೆಂಗಸರು ಇಡೀ ದಿನ ನಿಂತಿರುವುದರಿಂದ ಆಗುವ ಕೇಡನ್ನು ಇಂಗ್ಲೆಂಡಿನ ವೈದ್ಯರು 1880ರ ಸುಮಾರಿಗೇ ಎತ್ತಿ ಆಡಿದ್ದರು. ಕೊನೆಗೆ 1899ರಲ್ಲಿ ಪಾರ್ಲಿಮೆಂಟು ಒಂದು ಕಾಯಿದೆ ಮಾಡಿತು. ಅದರ ಹೆಸರೇ 'ಅಂಗಡಿ ನೌಕರರ ಆಸನ ಕಾಯಿದೆ'. ಮೂವರು ಮಹಿಳಾ ನೌಕರರಿಗೆ ಒಂದರಂತೆ ಆಸನವಿರಬೇಕು, ಅಷ್ಟೇ. ಕುರ್ಚಿಗಳೇನೋ ಬಂದವು. ಕುಳಿತವಳನ್ನು ಮೇಲ್ವಿಚಾರಕ ನೋಡುವ ನೋಟ ಬದಲಾಗಲಿಲ್ಲ. ಆಸನವಿರಬೇಕೆಂದು ಕಾಯಿದೆ ಬರೆಯಬಹುದು. ಕುಳಿತವಳು ಸೋಮಾರಿ ಎಂಬ ಭಾವನೆಯನ್ನು ಅಳಿಸುವ ಕಲಮನ್ನು ಯಾವ ಪಾರ್ಲಿಮೆಂಟೂ ಇನ್ನೂ ಬರೆದಿಲ್ಲ. (ನಮ್ಮಲ್ಲಿಯೂ ಇನ್ಸ್‌ಪೆಕ್ಟರು ಬರುವ ಸುದ್ದಿ ತಿಳಿದೊಡನೆ ಮೇಷ್ಟರುಗಳು ಕುರ್ಚಿ ಬಿಟ್ಟು ಏಳುತ್ತಿದ್ದೆವು. ನನ್ನ ಕಾಲಿನ ಉಬ್ಬಿದ ನರಗಳು ಅದಕ್ಕೆ ಸಾಕ್ಷಿ. ಆದರೂ ನಮಗೆ ಸ್ಟಾಫ್ ರೂಮು ಎಂಬುದೊಂದಿತ್ತು.)

ಇಷ್ಟು ಹೊತ್ತು ಹೇಳಿದ್ದು ಒಂದೊಂದೇ ದೊಡ್ಡ ಅಂಗಡಿಯ ಮಾತು. ಒಂದೇ ಹೆಸರಿನ ನೂರಾರು ಅಂಗಡಿಗಳ ಸರಪಳಿ ಎಂಬುದನ್ನು ಜಗತ್ತಿಗೆಲ್ಲ ಪರಿಚಯಿಸಿದವರಲ್ಲಿ ಅಮೆರಿಕದ ಫ್ರಾಂಕ್ ವೂಲ್‌ವರ್ತ್ ಪ್ರಮುಖ. ಅವನೂ ಅಂಗಡಿಯ ಹುಡುಗನಾಗಿಯೇ ಮೇಲೆ ಬಂದವನು. ಮೊದಲ ಮೂರು ತಿಂಗಳು ಸಂಬಳವಿಲ್ಲದೆ ದುಡಿದವನು. 1879ರಲ್ಲಿ ಉಟಿಕಾ ಎಂಬ ಊರಿನಲ್ಲಿ ಎಲ್ಲಕ್ಕೂ ಐದೇ ಸೆಂಟು ಎಂಬ ಅಂಗಡಿ ತೆರೆದು ಸೋತ; ಅದೇ ವರ್ಷ ಲ್ಯಾಂಕಾಸ್ಟರಿನಲ್ಲಿ ಮತ್ತೆ ತೆರೆದು ಗೆದ್ದ. 1913ರಲ್ಲಿ ನ್ಯೂಯಾರ್ಕಿನಲ್ಲಿ ಅವನು ಕಟ್ಟಿಸಿದ 792 ಅಡಿ ಎತ್ತರದ ಕಟ್ಟಡ ಆಗ ಜಗತ್ತಿನ ಅತಿ ಎತ್ತರದ ಕಟ್ಟಡ. ಸಾಲ ಮಾಡದೆ, ನಗದು ಕೊಟ್ಟು ಕಟ್ಟಿಸಿದ್ದೆಂದು ಪ್ರಸಿದ್ಧಿ. ಸಾಮಾನು ಅಗ್ಗವಾಗಿ ಮಾರಬೇಕಾದರೆ ಆಳೂ ಅಗ್ಗವಾಗಿ ಸಿಗಬೇಕು ಎಂಬುದನ್ನು ಅವನು ತನ್ನ ಮ್ಯಾನೇಜರುಗಳಿಗೆ ಮುಚ್ಚುಮರೆಯಿಲ್ಲದೆ ಬರೆದಿದ್ದ. ಬೆಲೆಯೂ ನಿಗದಿ, ಸಾಮಾನೂ ಎದುರಿಗೇ ಹರಡಿದೆ. ಹಾಗಿದ್ದಮೇಲೆ ಮಾರುವವಳಿಗೆ ಜಾಣ್ಮೆ ಯಾಕೆ, ಸಂಬಳ ಯಾಕೆ ಎಂಬುದು ವಾದ.

ಈ ವಾದವನ್ನು ಇನ್ನೂ ಮುಂದಕ್ಕೆ ಒಯ್ದವನು ಕ್ಲಾರೆನ್ಸ್ ಸಾಂಡರ್ಸ್. 1916ರಲ್ಲಿ ಮೆಂಫಿಸ್ ನಗರದಲ್ಲಿ 'ಪಿಗ್ಲಿ ವಿಗ್ಲಿ' ಎಂಬ ವಿಚಿತ್ರ ಹೆಸರಿನ ದಿನಸಿ ಅಂಗಡಿ ತೆರೆದ. ಗಿರಾಕಿಯೇ ಬುಟ್ಟಿ ಹಿಡಿದು ಒಳಗೆ ಸುತ್ತಿ, ಬೇಕಾದ್ದನ್ನು ತಾನೇ ತೆಗೆದುಕೊಂಡು, ಕೊನೆಗೆ ಹಣ ಕೊಟ್ಟು ಹೊರಗೆ ಬರಬೇಕು. ಅಲ್ಲಿಯವರೆಗೆ ದಿನಸಿ ಅಂಗಡಿಯವನೆಂದರೆ ತೂಗುವವನು, ಕಟ್ಟುವವನು, ಯಾವ ಮನೆಗೆ ಯಾವ ಅಕ್ಕಿ ಎಂದು ಬಲ್ಲವನು. ಇನ್ನು ಮುಂದೆ ಅವನ ಕೆಲಸ ಎರಡಾಗಿ ಒಡೆಯಿತು: ಒಬ್ಬ ಕಪಾಟು ತುಂಬುವವನು, ಒಬ್ಬಳು ಬಿಲ್ಲು ಹಾಕುವವಳು. ನಮ್ಮ ತುಮಕೂರಿನ ಮಳಿಗೆಯ ಕೆಲಸವೂ ಸ್ಥೂಲವಾಗಿ ಇವೇ ಎರಡು ತುಂಡುಗಳು.

1937ರ ಫೆಬ್ರವರಿ 27ನೆಯ ತಾರೀಖು, ಶನಿವಾರ. ಡೆಟ್ರಾಯಿಟ್ ನಗರದ ವುಡ್‌ವರ್ಡ್ ಅವೆನ್ಯೂ ರಸ್ತೆಯ ವೂಲ್‌ವರ್ತ್ ಅಂಗಡಿಯಲ್ಲಿ ಜನ ಕಿಕ್ಕಿರಿದಿದ್ದರು. ಹತ್ತಿರದ ಫ್ಲಿಂಟ್ ಎಂಬ ಊರಿನ ಮೋಟಾರು ಕಾರ್ಖಾನೆಯ ಕೆಲಸಗಾರರು ಒಳಗೇ ಕುಳಿತು ಮುಷ್ಕರ ಹೂಡಿ ಗೆದ್ದು ಇನ್ನೂ ಮೂರು ವಾರ ಕಳೆದಿರಲಿಲ್ಲ. ಸಂಘದವನೊಬ್ಬ ಸೀಟಿ ಊದಿದ. ನೂರಕ್ಕೂ ಹೆಚ್ಚು ಹುಡುಗಿಯರು ಗಲ್ಲಾಗಳಿಂದ ಹಿಂದೆ ಸರಿದು ಕೈಕಟ್ಟಿ ನಿಂತರು. ಗಿರಾಕಿಗಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಅವರಲ್ಲಿ ಬಹುಪಾಲು ಇಪ್ಪತ್ತರ ಆಸುಪಾಸಿನವರು. ಏಳು ದಿನ ಅಂಗಡಿಯೊಳಗೇ ಉಂಡು, ನೆಲದ ಮೇಲೆ ಹಾಸಿಗೆ ಹಾಸಿ ಮಲಗಿದರು, ಹಾಡಿದರು, ಕುಣಿದರು. ಅಡುಗೆಯವರ, ಹೋಟೆಲು ಕೆಲಸಗಾರರ ಸಂಘ ಅವರಿಗೆ ಊಟ ಒದಗಿಸಿತು. ಆಗ ವೂಲ್‌ವರ್ತ್ ಸಂಪತ್ತಿನ ಉತ್ತರಾಧಿಕಾರಿಣಿಯಾಗಿದ್ದ ಬಾರ್ಬರಾ ಹಟನ್ನಳ ವೈಭೋಗ ಪತ್ರಿಕೆಗಳಲ್ಲಿ ದಿನವೂ ಬರುತ್ತಿದ್ದ ಕಾಲ. ಅವಳ ಹೆಸರು ಕಟ್ಟಿ ಈ ಹುಡುಗಿಯರು ಹಾಸ್ಯದ ಹಾಡು ಹಾಡಿದರಂತೆ. ಮಾರ್ಚ್ 5ರಂದು ಕಂಪನಿ ಒಪ್ಪಿಕೊಂಡಿತು. ಗಂಟೆಗೆ ಐದು ಸೆಂಟು ಹೆಚ್ಚಳ, ವಾರಕ್ಕೆ 48 ಗಂಟೆ ಮೀರಿದರೆ ಒಂದೂವರೆ ಪಟ್ಟು ಕೂಲಿ, ಸಂಘಕ್ಕೆ ಮಾನ್ಯತೆ. ಐದು ಸೆಂಟಿನ ಅಂಗಡಿಯಲ್ಲಿ ಏಳು ದಿನ ಕುಳಿತು ಗಳಿಸಿದ್ದು ಐದು ಸೆಂಟು! ನಗುವವರು ನಗಬಹುದು, ಆಗ ಗಂಟೆಯ ಕೂಲಿ ಸೆಂಟುಗಳ ಲೆಕ್ಕದಲ್ಲಿಯೇ ಇತ್ತು ಎಂಬುದನ್ನು ಮರೆಯಬಾರದು.

ಇಷ್ಟೆಲ್ಲ ದೊಡ್ಡ ಸರಪಳಿ ಏನಾಯಿತು? ಅಮೆರಿಕದಲ್ಲಿ ಆ ಹೆಸರಿನ ಅಗ್ಗದ ಅಂಗಡಿಗಳು 1997ರಲ್ಲಿ ಮುಚ್ಚಿದವು. ಬೇರೆ ಕಂಪನಿಯಾಗಿದ್ದ ಬ್ರಿಟನ್ನಿನ ಅದೇ ಹೆಸರಿನ 807 ಅಂಗಡಿಗಳು 2009ರ ಜನವರಿ ಮೊದಲ ವಾರದ ಹೊತ್ತಿಗೆ ಬಾಗಿಲು ಹಾಕಿದವು. ಸುಮಾರು 27,000 ಜನ ಕೆಲಸ ಕಳೆದುಕೊಂಡರು. ಆ ಜಾಗಕ್ಕೆ ಬಂದ ವಾಲ್‌ಮಾರ್ಟ್ ಮೊದಲಾದವುಗಳ ಕಥೆ ನಿಮಗೆಲ್ಲ ನನಗಿಂತ ಚೆನ್ನಾಗಿ ಗೊತ್ತು. ಅಮೆರಿಕದಲ್ಲಿರುವ ಶಿಷ್ಯರೇ ಹೇಳಬೇಕು. 1962ರಲ್ಲಿ ಆರಂಭವಾದ ಆ ಕಂಪನಿ ನೌಕರರನ್ನು ನೌಕರರೆನ್ನದೆ 'ಸಹವರ್ತಿಗಳು' ಎಂಬರ್ಥದ ಪದದಿಂದ ಕರೆಯುತ್ತದೆ. ಒಂದು ಸಂಗತಿಯನ್ನು ಮಾತ್ರ ಹೇಳಿ ಮುಂದೆ ಹೋಗುತ್ತೇನೆ. ಕೂರಲು ಆಸನ ಕೊಡಲಿಲ್ಲವೆಂದು ಕ್ಯಾಲಿಫೋರ್ನಿಯಾದ ಬಿಲ್ಲಿಂಗ್ ನೌಕರರು ಹೂಡಿದ್ದ ದಾವೆಯನ್ನು ಅದು 2018ರಲ್ಲಿ ಆರೂವರೆ ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ವರ್ಷವನ್ನು ನೆನಪಿಟ್ಟುಕೊಳ್ಳಿ.

ಇನ್ನು ನಮ್ಮ ಕಡೆಗೆ ಬರೋಣ. ನನ್ನ ಸೋದರಮಾವ ತಿಪಟೂರಿನ ಒಂದು ಜವಳಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು; ಇದನ್ನು ಓದುವ ಬಂಧುಗಳಲ್ಲಿ ಹಲವರನ್ನು ಅವರು ಎತ್ತಿ ಆಡಿಸಿದ್ದಾರೆ. ಆ ಅಂಗಡಿಯಲ್ಲಿ ನೆಲದ ತುಂಬ ಬಿಳಿಯ ಹಾಸು. ಯಜಮಾನರು ಗಾದಿಯ ಮೇಲೆ, ಮುಂದೆ ಮರದ ಹಣದ ಪೆಟ್ಟಿಗೆ. ಗಿರಾಕಿಗಳು ಚಪ್ಪಲಿ ಹೊರಗೆ ಬಿಟ್ಟು ಬಂದು ಹಾಸಿನ ಮೇಲೆ ಕೂರುವರು. ಮಾವನವರೂ ಮಂಡಿಯೂರಿ ಕುಳಿತೇ ಸೀರೆಯ ಮೇಲೆ ಸೀರೆ ಬಿಡಿಸಿ ಹಾಕುವರು. ಅಲ್ಲಿ ನಿಂತವರೆಂದರೆ ನೀರು ತರುವ ಹುಡುಗ ಒಬ್ಬನೇ. ನಿಂತು ಮಾರುವ ಪದ್ಧತಿ ನಮ್ಮ ಅಂಗಡಿಗಳಿಗೆ ಎತ್ತರದ ಮೇಜು, ಗಾಜಿನ ಕಪಾಟುಗಳ ಜೊತೆಗೆ ಬಂತೆಂದು ನನ್ನ ತಿಳಿವಳಿಕೆ. ಹಾಗೆಂದು ಹಳೆಯದೆಲ್ಲ ಚಿನ್ನ ಎನ್ನಲಾರೆ. ಮಾವನವರಿಗೆ ಅಮಾವಾಸ್ಯೆ ಬಿಟ್ಟರೆ ರಜೆಯೆಂಬುದು ಇರಲಿಲ್ಲ; ಅತ್ತೆಗೆ ಜ್ವರ ಬಂದಾಗಲೂ ದೀಪಾವಳಿಯ ವ್ಯಾಪಾರ ಬಿಟ್ಟು ಬರಲಾಗಲಿಲ್ಲ. ಸಂಬಳದಲ್ಲಿ ಅರ್ಧ, ಸಾಲಕ್ಕೆ ತಂದ ಬಟ್ಟೆಗೇ ಮುರಿದುಹೋಗುತ್ತಿತ್ತು. ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ 1961ರದು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ವಾರದ ರಜೆ ಎಂದು ಅದು ಹೇಳಿತು. ಮಾವನವರಿಗೆ ಅದು ಗೊತ್ತಿತ್ತೋ ಇಲ್ಲವೋ, ಕೇಳಿದವನು ನಾನಲ್ಲ.

ಸರಣಿ ಮಳಿಗೆಗಳು ನಮ್ಮಲ್ಲಿ ಹರಡಿದ್ದು 1990ರ ದಶಕದ ಕೊನೆಯಿಂದ. 2001ರಲ್ಲಿ ಆರಂಭವಾದ ಬಿಗ್ ಬಜಾರ್ ಊರೂರಿಗೆ ಬಂದು, 2022ರಲ್ಲಿ ಮುಚ್ಚಿಯೂ ಹೋಯಿತು. ಚೆನ್ನೈನ ರಂಗನಾಥನ್ ಬೀದಿಯ ಬಹುಮಹಡಿ ಜವಳಿ ಮಳಿಗೆಗಳ ಹಿನ್ನೆಲೆಯಲ್ಲಿ ವಸಂತಬಾಲನ್ 2010ರಲ್ಲಿ ತೆಗೆದ 'ಅಂಗಾಡಿ ತೆರು' ಎಂಬ ತಮಿಳು ಚಿತ್ರವನ್ನು ಸಾಧ್ಯವಾದರೆ ನೋಡಿ. ದೂರದ ಹಳ್ಳಿಗಳಿಂದ ಬಂದ ಹುಡುಗ ಹುಡುಗಿಯರು, ಸಾಲಾಗಿ ಮಲಗುವ ಕೋಣೆ, ಕೂಲಿಯಲ್ಲಿ ಹಿಡಿಯುವ ದಂಡ. ಬಾಂಡ್‌ಫೀಲ್ಡಳ ಲಂಡನ್ ನೂರು ವರ್ಷದ ಮೇಲೆ ತಮಿಳು ಮಾತನಾಡಿದಂತೆ ನನಗೆ ಕಂಡಿತು.

ನಿಂತವರು ಕೂರುತ್ತೇವೆಂದು ಬಾಯಿಬಿಟ್ಟು ಕೇಳಿದ್ದು ಕೇರಳದಲ್ಲಿ. ಕೋಳಿಕೋಡಿನ ಮಿಠಾಯಿ ಬೀದಿ ಬಟ್ಟೆಯ ಅಂಗಡಿಗಳಿಗೆ ಹೆಸರಾದದ್ದು. ಅಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ವಿಜಿ ಎಂಬ ಹೆಣ್ಣುಮಗಳು ಜೊತೆಯವರನ್ನು ಕೂಡಿಸಿ 'ಪೆಣ್‌ಕೂಟ್ಟು' ಎಂಬ ಸಂಘ ಕಟ್ಟಿದರು. 'ಹೆಣ್ಣುಕೂಟ' ಎಂದರೆ ನಮಗೂ ಅರ್ಥವಾಗುತ್ತದೆ. ಅವರ ಮೊದಲ ಬೇಡಿಕೆ ಕುರ್ಚಿಯಲ್ಲ, ಶೌಚಾಲಯ. ಅಂಗಡಿಯಲ್ಲಿ ಅದಿಲ್ಲದ ಕಾರಣ ಹೆಂಗಸರು ಬೆಳಗಿನಿಂದ ನೀರೇ ಕುಡಿಯದೆ ಇರುತ್ತಿದ್ದರು. ಇದನ್ನು ಬರೆಯಲು ನನ್ನಂಥ ಹಳೆಯ ಕಾಲದವನಿಗೆ ಸಂಕೋಚವಾಗುತ್ತದೆ. ನಮ್ಮ ಪ್ರೌಢಶಾಲೆಯ ಹೆಣ್ಣುಮಕ್ಕಳ ಶೌಚಾಲಯಕ್ಕೆ ಎಷ್ಟು ವರ್ಷ ಬೀಗವಿತ್ತೆಂಬುದು ನೆನಪಾಗಿ ಆ ಸಂಕೋಚವನ್ನು ಬದಿಗಿಟ್ಟಿದ್ದೇನೆ. ಆಮೇಲೆ ಬಂದದ್ದು ಕೂರುವ ಹಕ್ಕಿನ ಮಾತು. ಗಿರಾಕಿಯಿಲ್ಲದಾಗಲೂ ಕೂರುವಂತಿಲ್ಲ, ಗೋಡೆಗೆ ಒರಗುವಂತಿಲ್ಲ, ಕ್ಯಾಮೆರಾದಲ್ಲಿ ಕಂಡರೆ ಕೂಲಿ ಕಡಿತ. 2014ರ ಕೊನೆಯಲ್ಲಿ ತ್ರಿಶೂರಿನ ಒಂದು ದೊಡ್ಡ ಸೀರೆ ಮಳಿಗೆಯ ಕೆಲವೇ ಹೆಂಗಸರು ಅಂಗಡಿಯ ಮುಂದೆ ಧರಣಿ ಕುಳಿತು, ನೂರು ದಿನಗಳಿಗೂ ಹೆಚ್ಚು ಕಾಲ ಏಳಲಿಲ್ಲ. ಈ ಹೋರಾಟಕ್ಕೆ ಮಲಯಾಳದಲ್ಲಿ 'ಇರಿಕ್ಕಲ್ ಸಮರಂ' ಎಂದು ಹೆಸರು. ಭಾಷೆಯ ಚಪಲವುಳ್ಳವರಿಗೆ ಒಂದು ಮಾತು: ನಮ್ಮಲ್ಲಿ 'ಇರು' ಎಂದರೆ ಇರುವುದಷ್ಟೇ, ಮಲಯಾಳದಲ್ಲಿ ಅದೇ ಧಾತುವಿಗೆ ಕುಳಿತುಕೊಳ್ಳುವುದು ಎಂಬ ಅರ್ಥವೂ ಉಂಟು. ಕೂರಲು ಬಿಡದಿರುವುದು ಇರಲು ಬಿಡದಂತೆಯೇ ಅಲ್ಲವೇ ಎಂದು ಆ ಹೆಂಗಸರು ಶ್ಲೇಷೆ ಮಾಡಿದರೋ ಇಲ್ಲವೋ, ನನಗಂತೂ ಹಾಗೆ ಕೇಳಿಸಿತು.

2018ರಲ್ಲಿ ಕೇರಳ ಸರ್ಕಾರ ಅಂಗಡಿಗಳ ಕಾಯಿದೆಗೆ ತಿದ್ದುಪಡಿ ತಂದು ಕೂರುವ ಹಕ್ಕನ್ನು ಬರೆಯಿತು. ಕ್ಯಾಲಿಫೋರ್ನಿಯಾದ ರಾಜಿಯಾದ ಅದೇ ವರ್ಷ. 2021ರ ಸೆಪ್ಟೆಂಬರಿನಲ್ಲಿ ತಮಿಳುನಾಡು ಅಂಥದೇ ಮಸೂದೆ ಮಂಡಿಸಿ ಅಂಗೀಕರಿಸಿತು. ನಮ್ಮ ದೇಶದಲ್ಲಿ ಕಾರ್ಖಾನೆಗಳ ಕಾಯಿದೆ ಬಂದದ್ದು 1948ರಲ್ಲಿ. ನಿಂತು ದುಡಿಯುವ ಕಾರ್ಮಿಕರಿಗೆ ಬಿಡುವು ಸಿಕ್ಕಾಗ ಕೂರಲು ಆಸನವಿರಬೇಕೆಂದು ಅದರ 44ನೆಯ ಕಲಮು ಆಗಲೇ ಹೇಳಿತ್ತು. ಕಾರ್ಖಾನೆಯ ಗೇಟಿನಿಂದ ಅಂಗಡಿಯ ಬಾಗಿಲಿಗೆ ಒಂದು ಸ್ಟೂಲು ನಡೆದುಬರಲು, ನಮ್ಮ ನೆರೆರಾಜ್ಯಕ್ಕೇ, ಎಪ್ಪತ್ತು ವರ್ಷ ಹಿಡಿಯಿತು. ಇಂಗ್ಲೆಂಡಿನಲ್ಲಿ ಗಿರಣಿಗೆ ಮೊದಲು, ಅಂಗಡಿಗೆ ಆಮೇಲೆ. ಇಲ್ಲಿಯೂ ಅದೇ ಕ್ರಮ. ಕಾರಣ ಯೋಚಿಸಿದ್ದೇನೆ. ಕಾರ್ಖಾನೆಯ ಒಳಗನ್ನು ನಾವು ಯಾರೂ ನೋಡಿಲ್ಲ, ಆದ್ದರಿಂದ ಅಲ್ಲಿ ಕಷ್ಟವಿದೆಯೆಂದು ಊಹಿಸಿಕೊಳ್ಳುತ್ತೇವೆ. ಅಂಗಡಿಯ ಒಳಗೆ ನಾವೇ ಇರುತ್ತೇವೆ. ದೀಪ, ಹಾಡು, ತಂಪುಗಾಳಿ, ನಗುಮುಖ ಎಲ್ಲ ನಮಗಾಗಿಯೇ ಇಟ್ಟದ್ದು. ಅದರ ನಡುವೆ ನಿಂತವರ ಕಾಲು ನಮ್ಮ ಕಣ್ಣಿಗೆ ಬೀಳುವುದಿಲ್ಲ. ನನಗೇ ಬಿದ್ದಿರಲಿಲ್ಲ.

ಮೊನ್ನೆ ಶಿವರಾತ್ರಿಗೆ ಹಣ್ಣು ತರಲು ಮತ್ತೆ ಅದೇ ಮಳಿಗೆಗೆ ಹೋದೆ. ಅವಳನ್ನು ಬಿಲ್ಲಿನ ಗಲ್ಲಾಕ್ಕೆ ಹಾಕಿದ್ದರು. ನನ್ನ ಹಿಂದೆ ಏಳೆಂಟು ಜನ. ಕರಬೂಜ ತೂಗುವಷ್ಟರಲ್ಲಿ, ನಾನು ಈಗ ಬರೆದಿರುವುದರ ಸಾರವನ್ನು, ಕೇರಳದ ಭಾಗವನ್ನು ಮುಖ್ಯವಾಗಿ, ಅವಳಿಗೆ ಹೇಳಿದೆ. ಹಿಂದಿನವರು ಅಸಹನೆಯಿಂದ ಕೆಮ್ಮಿದರು. ಮೇಷ್ಟರ ಬಾಯಿ, ನಿಲ್ಲುವುದಿಲ್ಲ. ಅವಳು ಬೆರಳು ಓಡಿಸುತ್ತಲೇ ಕೇಳಿಸಿಕೊಂಡು, "ಯಾವ ವರ್ಷ ಅಂದ್ರಿ ಸಾರ್?" ಎಂದಳು.

"2018. ಪರೀಕ್ಷೆಗೆ ಬರುತ್ತೆ" ಎಂದೆ.

ಅವಳು ನಗಲಿಲ್ಲ. ಬಿಲ್ಲು ಹರಿದು, ಅದನ್ನು ತಿರುಗಿಸಿ ಪೆನ್ನಿನ ಜೊತೆ ನನ್ನ ಮುಂದಿಟ್ಟು, "ಬರ್ಕೊಡಿ ಸಾರ್, ನಮ್ಮೋರಿಗೆ ತೋರಿಸ್ಬೇಕು" ಎಂದಳು. ಕೇರಳ 2018, ತಮಿಳುನಾಡು 2021, ಕಾರ್ಖಾನೆ ಕಾಯಿದೆ 1948, ಕಲಮು 44 ಎಂದು ಕರಿಹಲಗೆಯ ಮೇಲೆ ಬರೆಯುವಂತೆ ದಪ್ಪಕ್ಷರದಲ್ಲಿ ಬರೆದುಕೊಟ್ಟೆ. ಅವಳು ಅದನ್ನು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡು, ನನಗೆ ಇನ್ನೊಂದು ಬಿಲ್ಲು ತೆಗೆದುಕೊಟ್ಟು, ಹಿಂದಿದ್ದವರ ಬುಟ್ಟಿಗೆ ಕೈ ಚಾಚಿದಳು.